ಗೆಳೆಯನಿಲ್ಲದ ಮೇಳ

ಇಂಗ್ಲಿಷರು ರಜೆಯ ದಿನಗಳಲ್ಲಿ ಸಮುದ್ರತೀರಕ್ಕೋ ಬೆಟ್ಟದ ಸೀಮೆಗೋ ಹೋದಾಗ ಊರಿನಲ್ಲಿರುವ ಬಂಧುಮಿತ್ರರಿಗೆ ಚಿತ್ರವಿರುವ ಅಂಚೆಕಾರ್ಡೊಂದನ್ನು ಬರೆದುಹಾಕುವುದು ವಾಡಿಕೆ. ಆ ಕಾರ್ಡಿನಲ್ಲಿ ಅವರು ತಪ್ಪದೆ ಬರೆಯುವ ಒಂದು ಮಾತುಂಟು: ‘ವಿಷ್ ಯು ವರ್ ಹಿಯರ್’, ಎಂದರೆ ನೀನೂ ಇಲ್ಲಿ ಇದ್ದಿದ್ದರೆ ಚೆನ್ನಾಗಿತ್ತು ಎಂದು. ನಮ್ಮ ಹಿರಿಯರು ಕಾಗದದ ತಲೆಯಲ್ಲಿ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಬರೆಯುತ್ತಿದ್ದರಲ್ಲವೆ, ಹಾಗೆಯೇ ಇದೂ ಬರೆದು ಬರೆದು ಸವೆದುಹೋದ ಮಾತು. ಕೈ ತಾನಾಗಿ ಬರೆಯುವುದು. ಮನಸ್ಸು ಅದರಲ್ಲಿ ಇರಲೇಬೇಕೆಂಬ ನಿಯಮವಿಲ್ಲ. ಇಂತಹ ಸವಕಲು ನಾಣ್ಯವೊಂದನ್ನು ಎತ್ತಿಕೊಂಡು ಅದರ ಮುದ್ರೆ ಮತ್ತೆ ಕಾಣುವಂತೆ ಉಜ್ಜಿದ ಒಂದು ಧ್ವನಿಮುದ್ರಿಕೆಯ ವಿಚಾರವಾಗಿ ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿದ್ದೇವೆ. ‘ಪಿಂಕ್ ಫ್ಲಾಯ್ಡ್’ ಎಂಬ ಆಂಗ್ಲ ಮೇಳದವರು 1975ರ ಸೆಪ್ಟೆಂಬರ್ 12ರಂದು ಅದನ್ನು ಪ್ರಕಟಿಸಿದರು. ಅದರ ಹೆಸರೂ ಆ ಕಾರ್ಡಿನ ಮಾತೇ.

ರಾಕ್ ಸಂಗೀತವೆಂದೊಡನೆ ಕಿವಿ ಮುಚ್ಚಿಕೊಳ್ಳುವ ಗೃಹಸ್ಥರು ನಮ್ಮ ವಾಚಕರಲ್ಲಿ ಕೆಲವರಾದರೂ ಇದ್ದಾರು. ಅದರಲ್ಲಿ ಗದ್ದಲವೇ ಹೆಚ್ಚೆಂಬುದು ಅವರ ಆಕ್ಷೇಪಣೆ. ಗದ್ದಲ ಉಂಟು, ಇಲ್ಲವೆಂದು ನಾವು ವಾದಿಸಲಾರೆವು. ಆದರೆ ಜಾತ್ರೆಯ ಗದ್ದಲದಲ್ಲಿಯೂ ಎಲ್ಲೋ ಒಂದು ಮೂಲೆಯಲ್ಲಿ ಒಬ್ಬ ಕಿನ್ನರಿ ಜೋಗಿ ತನ್ನ ಪಾಡಿಗೆ ತಾನು ನುಡಿಸುತ್ತ ಕುಳಿತಿರುವುದುಂಟಷ್ಟೆ. ನಾವು ಮೈಸೂರಿನಲ್ಲಿ ಸಂಸ್ಕೃತ ಎಂ.ಎ. ಓದುತ್ತಿದ್ದ ಕಾಲದಲ್ಲಿ, 1980ರ ದಶಕದ ಕೊನೆಯಲ್ಲಿ, ಕೊಠಡಿಯ ಜೊತೆಗಾರನೊಬ್ಬನು ಯಾರಿಂದಲೋ ನಕಲು ಮಾಡಿಸಿ ತಂದಿದ್ದ ಕ್ಯಾಸೆಟ್ಟಿನಲ್ಲಿ ಇದನ್ನು ಮೊದಲು ಕೇಳಿದೆವು. ಹಗಲೆಲ್ಲ ಅಲಂಕಾರಶಾಸ್ತ್ರದ ಕಾರಿಕೆಗಳನ್ನು ಉರುಹೊಡೆದು ದಣಿದ ಕಿವಿಗೆ ಅದು ಹಿತವಾಗಿದ್ದಿತು. ಇಂಗ್ಲಿಷಿನ ಪದಗಳು ಪೂರ್ತಿಯಾಗಿ ಹಿಡಿಯಲಿಲ್ಲ. ಆದರೂ ಇದು ಯಾರನ್ನೋ ಕಳೆದುಕೊಂಡವರ ಹಾಡು ಎಂಬುದು ಪದಗಳಿಗೆ ಮುಂಚೆಯೇ ತಿಳಿಯಿತು. ಕಳೆದುಕೊಂಡದ್ದು ಯಾರನ್ನು, ಹೇಗೆ ಎಂಬುದು ಬಹುಕಾಲದ ಮೇಲೆ ಓದಿ ತಿಳಿದ ಸಂಗತಿ. ಅದನ್ನು ಮೊದಲು ಹೇಳಿಬಿಡುವುದು ಲೇಸು.

ಇಂಗ್ಲೆಂಡಿನ ಕೇಂಬ್ರಿಜ್ ಪಟ್ಟಣದಲ್ಲಿ ರಾಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ಸಿಡ್ ಬ್ಯಾರೆಟ್ ಎಂಬ ಮೂವರು ಹುಡುಗರು ಬೆಳೆದರು. ವಾಟರ್ಸನೂ ಬ್ಯಾರೆಟ್ಟನೂ ಒಂದೇ ಶಾಲೆಯಲ್ಲಿ ಬೇರೆ ಬೇರೆ ತರಗತಿಗಳಲ್ಲಿ ಓದಿದವರು. ಗಿಲ್ಮೋರನೂ ಬ್ಯಾರೆಟ್ಟನೂ ಜೊತೆಯಲ್ಲಿ ಕುಳಿತು ಗಿಟಾರು ಅಭ್ಯಾಸ ಮಾಡಿದವರು. ವಾಟರ್ಸನು ವಾಸ್ತುಶಿಲ್ಪ ಕಲಿಯಲೆಂದು ಲಂಡನ್ನಿಗೆ ಹೋದಾಗ ಅಲ್ಲಿ ಅವನಿಗೆ ನಿಕ್ ಮೇಸನ್, ರಿಚರ್ಡ್ ರೈಟ್ ಎಂಬಿಬ್ಬರ ಸ್ನೇಹವಾಯಿತು. ಚಿತ್ರಕಲೆಯ ವಿದ್ಯಾರ್ಥಿಯಾಗಿ ಬಂದ ಬ್ಯಾರೆಟ್ಟನು ಅವರೊಡನೆ ಸೇರಿದನು. 1965ರಲ್ಲಿ ಮೇಳವು ರೂಪುಗೊಂಡಿತು. ಪಿಂಕ್ ಆಂಡರ್ಸನ್, ಫ್ಲಾಯ್ಡ್ ಕೌನ್ಸಿಲ್ ಎಂಬ ಇಬ್ಬರು ಅಮೆರಿಕದ ಬ್ಲೂಸ್ ಗಾಯಕರ ಹೆಸರುಗಳನ್ನು ಕೂಡಿಸಿ ಮೇಳಕ್ಕೆ ನಾಮಕರಣ ಮಾಡಿದವನು ಬ್ಯಾರೆಟ್ಟನೇ. 1967ರಲ್ಲಿ ಬಂದ ಮೊದಲ ಮುದ್ರಿಕೆಯ ಹಾಡುಗಳಲ್ಲಿ ಬಹುಪಾಲು ಅವನ ರಚನೆಗಳು. ಅವನಿಗೆ ಆಗ 21 ವಯಸ್ಸು, ನೋಡಲು ಸುಂದರನು, ಮಾತಿನಲ್ಲಿ ಮಕ್ಕಳ ಕಥೆಯ ಚೆಲುವು. ಉಳಿದ ಮೂವರೂ ಅವನ ಬೆಳಕಿನಲ್ಲಿ ನಡೆಯುತ್ತಿದ್ದರೆಂದರೆ ಅತಿಶಯೋಕ್ತಿಯಲ್ಲ.

ಆ ವರ್ಷವೇ ಬೆಳಕು ಮಂಕಾಗತೊಡಗಿತು. ಆಗಿನ ತರುಣರಲ್ಲಿ ಹಬ್ಬಿದ್ದ ಎಲ್.ಎಸ್.ಡಿ. ಎಂಬ ಮಾದಕದ್ರವ್ಯವನ್ನು ಆತನು ಮಿತಿಮೀರಿ ಸೇವಿಸುತ್ತಿದ್ದನು. ಅದೊಂದೇ ಕಾರಣವೋ, ಒಳಗೆ ಮೊದಲೇ ಇದ್ದ ವ್ಯಾಧಿಯನ್ನು ಅದು ಕೆದಕಿತೋ, ಬಲ್ಲವರಲ್ಲಿಯೂ ಏಕಾಭಿಪ್ರಾಯವಿಲ್ಲ. ರಂಗದ ಮೇಲೆ ಉಳಿದವರು ನುಡಿಸುತ್ತಿದ್ದರೆ ಆತನು ಗಿಟಾರನ್ನು ಕೊರಳಿಗೆ ತೂಗುಹಾಕಿಕೊಂಡು ಎತ್ತಲೋ ನೋಡುತ್ತ ನಿಂತುಬಿಡುವನು. ಇಲ್ಲವೆ ಒಂದೇ ಸ್ವರವನ್ನು ಕೊನೆಯವರೆಗೂ ಮೀಟುವನು. ಸಹಾಯಕ್ಕೆಂದು ಹಳೆಯ ಗೆಳೆಯ ಗಿಲ್ಮೋರನನ್ನು ಕರೆಸಿಕೊಂಡರು. ಕೆಲವು ದಿನ ಐವರ ಮೇಳವಾಯಿತು. ಬಳಿಕ 1968ರ ಜನವರಿಯಲ್ಲಿ ಒಂದು ದಿನ, ಸೌತಾಂಪ್ಟನ್ನಿನ ಕಚೇರಿಗೆಂದು ಎಲ್ಲರೂ ಬಂಡಿಯಲ್ಲಿ ಹೊರಟರು. ದಾರಿಯಲ್ಲಿ ಬ್ಯಾರೆಟ್ಟನನ್ನು ಅವನ ಮನೆಯಿಂದ ಹತ್ತಿಸಿಕೊಳ್ಳುವುದು ರೂಢಿ. ಹತ್ತಿಸಿಕೊಳ್ಳೋಣವೇ ಎಂದು ಒಬ್ಬನು ಕೇಳಿದನಂತೆ, ಬೇಡವೆಂದು ಇನ್ನೊಬ್ಬನು ಹೇಳಿದನಂತೆ. ಬಂಡಿಯು ಆ ಬೀದಿಗೆ ತಿರುಗಲಿಲ್ಲ. ಜಗಳವಿಲ್ಲ, ಬೀಳ್ಕೊಡುಗೆಯಿಲ್ಲ. ಏಪ್ರಿಲ್ ತಿಂಗಳಲ್ಲಿ ಆತನು ಮೇಳದಲ್ಲಿಲ್ಲವೆಂದು ವಿಧಿವತ್ತಾಗಿ ಪ್ರಕಟವಾಯಿತು.

ಈ ತಿರುಗದೆ ಹೋದ ಬಂಡಿಯನ್ನು ವಾಚಕರು ನೆನಪಿನಲ್ಲಿಡಬೇಕು.

ಐದು ವರ್ಷಗಳ ಮೇಲೆ, 1973ರ ಮಾರ್ಚಿಯಲ್ಲಿ, ಉಳಿದ ನಾಲ್ವರು ಹೊರತಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಎಂಬ ಮುದ್ರಿಕೆಗೆ ದೊರೆತ ಮನ್ನಣೆ ಅಪಾರವಾದದ್ದು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದು 1988ರ ವೇಳೆಗೆ ಒಟ್ಟು 741 ವಾರ ನಿಂತಿತೆಂದರೆ ಸಾಕು. ಹಣ ಬಂದಿತು, ಕೀರ್ತಿ ಬಂದಿತು; ಬಯಸಿದ್ದೆಲ್ಲವೂ ಕೈಗೂಡಿದ ಮೇಲೆ ಮುಂದೇನೆಂಬುದೇ ತೋಚದಂತಾಯಿತು. ಮಗಳ ಮದುವೆ ಮುಗಿದ ಮರುದಿನದ ಚಪ್ಪರವನ್ನು ಕಂಡವರಿಗೆ ಈ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. 1975ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡಿನಲ್ಲಿರುವ ಮುದ್ರಣಶಾಲೆಯಲ್ಲಿ ಅವರು ಹೊಸ ಮುದ್ರಿಕೆಗಾಗಿ ಕೂಡಿದಾಗ ಮೈಗಳು ಬಂದಿದ್ದುವೇ ಹೊರತು ಮನಸ್ಸುಗಳು ಬಂದಿರಲಿಲ್ಲವೆಂದು ಅವರೇ ಮುಂದೆ ಒಪ್ಪಿಕೊಂಡಿರುವರು. ವಾಟರ್ಸನು ಈ ಬರಿದುತನವನ್ನೇ ಹಾಡಿನ ವಸ್ತುವಾಗಿ ಮಾಡಿಕೊಂಡನು. ಇಲ್ಲದಿರುವ ಗೆಳೆಯ, ಇದ್ದೂ ಇಲ್ಲದ ತಾವು: ಎರಡೂ ಒಂದಕ್ಕೊಂದು ಹೊಂದಿಕೊಂಡುವು.

ಮುದ್ರಿಕೆಯಲ್ಲಿರುವುದು ಐದೇ ಭಾಗಗಳು. ಒಟ್ಟು 44 ನಿಮಿಷಗಳ ಕೇಳ್ಮೆ. ಮೊದಲನೆಯದು ‘ಶೈನ್ ಆನ್ ಯು ಕ್ರೇಜಿ ಡೈಮಂಡ್’ ಎಂಬ ದೀರ್ಘ ರಚನೆ. ಮರುಳುಗೊಂಡ ವಜ್ರವೊಂದನ್ನು ಬೆಳಗೆಂದು ಹರಸುವುದು ಆ ಹೆಸರಿನ ಅರ್ಥ. ವಜ್ರವು ಯಾರೆಂದು ಹೇಳಬೇಕಾಗಿಲ್ಲ. ಅದರ ಆರಂಭದಲ್ಲಿ ಮಂಜಿನಂತೆ ಹಬ್ಬಿ ನಿಲ್ಲುವ ನಾದವೊಂದುಂಟು. ಆ ನಾದದಲ್ಲಿ ಒಂದೆಳೆ ಎಲ್ಲಿಂದ ಬಂದಿತೆಂಬುದು ಸ್ವಾರಸ್ಯವಾದ ಕಥೆ. 1973ರಲ್ಲಿ ಈ ಮೇಳದವರು ವಾದ್ಯಗಳನ್ನೆಲ್ಲ ಬದಿಗಿಟ್ಟು, ರಬ್ಬರಿನ ಪಟ್ಟಿ, ಸೀಸೆ, ಕಸಬರಿಕೆ ಮೊದಲಾದ ಮನೆಬಳಕೆಯ ಸಾಮಾನುಗಳಿಂದಲೇ ಒಂದು ಮುದ್ರಿಕೆಯನ್ನು ಮಾಡಹೊರಟರು. ಮದ್ಯದ ಗಾಜಿನ ಬಟ್ಟಲುಗಳಿಗೆ ಬೇರೆ ಬೇರೆ ಮಟ್ಟದಲ್ಲಿ ನೀರು ತುಂಬಿ, ಒದ್ದೆ ಬೆರಳಿನಿಂದ ಅಂಚನ್ನು ಸವರಿ, ಹುಟ್ಟಿದ ಸ್ವರಗಳನ್ನು ಒಂದೊಂದಾಗಿ ಮುದ್ರಿಸಿದರು. ನಮ್ಮ ಜಲತರಂಗದ ಬಂಧುವೇ ಇದು; ನಾವು ಪಿಂಗಾಣಿಯ ಬಟ್ಟಲನ್ನು ಕಡ್ಡಿಯಿಂದ ತಟ್ಟುತ್ತೇವೆ, ಅವರು ಅಂಚನ್ನು ಸವರಿದರು, ಅಷ್ಟೇ ವ್ಯತ್ಯಾಸ. ವಾರಗಟ್ಟಲೆ ಹೆಣಗಿ ಆ ಯೋಜನೆಯನ್ನು ಕೈಬಿಟ್ಟರೂ ಬಟ್ಟಲುಗಳ ನಾದವನ್ನು ಬಿಸುಡಲಿಲ್ಲ. ಅದು ಈ ರಚನೆಯ ಮೊದಲಿಗೆ ತಂಬೂರಿಯ ಶ್ರುತಿಯಂತೆ ಬಂದು ಕೂಡಿಕೊಂಡಿತು. ಅಡಿಗೆಮನೆಯ ಉಳಿಕೆಯನ್ನು ಹಾಳುಮಾಡದ ಗೃಹಿಣಿಯರಿಗೆ ಈ ಬುದ್ಧಿ ಮೆಚ್ಚಿಕೆಯಾದೀತು.

ಈ ಶ್ರುತಿಯ ಮೇಲೆ ಗಿಟಾರು ಬಹು ನಿಧಾನವಾಗಿ ಸಂಚರಿಸುವುದು. ನಾಲ್ಕು ನಿಮಿಷ ಸಮೀಪಿಸುವಾಗ ಎಲ್ಲವೂ ಅಡಗಿ, ಒಂಟಿಯಾಗಿ ನಾಲ್ಕು ಸ್ವರಗಳು ಕೇಳಿಬರುವುವು. ಕೆಲವು ಕ್ಷಣ ಮೌನ. ಮತ್ತೆ ಅವೇ ನಾಲ್ಕು. ಈ ನಾಲ್ಕು ಸ್ವರಗಳೇ ಇಡೀ ಮುದ್ರಿಕೆಯ ಬೀಜಾಕ್ಷರಗಳು. 1974ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಸಮೀಪದ ಅಭ್ಯಾಸದ ಕೊಠಡಿಯೊಂದರಲ್ಲಿ ಗಿಲ್ಮೋರನ ಬೆರಳಿಗೆ ಅವು ಅಕಸ್ಮಾತ್ತಾಗಿ ಸಿಕ್ಕಿದುವು; ಕೇಳಿದೊಡನೆ ವಾಟರ್ಸನಿಗೆ ಬ್ಯಾರೆಟ್ಟನ ನೆನಪು ಬಂದಿತು. ಮನುಷ್ಯನ ಕಂಠವು ಕೇಳುವುದಕ್ಕೆ ಎಂಟು ನಿಮಿಷಕ್ಕೂ ಮೇಲೆ ಕಾಯಬೇಕು. ರಾಗಾಲಾಪನೆಯನ್ನು ತಾಳ್ಮೆಯಿಂದ ಕೇಳಬಲ್ಲ ನಮ್ಮವರಿಗೆ ಇದು ದೀರ್ಘವೆನಿಸಲಾರದು. ಪಲ್ಲವಿಗೆ ಮುಂಚೆ ಆಲಾಪನೆಯು ಮಾಡುವ ಕೆಲಸವನ್ನೇ ಇದೂ ಮಾಡುವುದು: ಹೇಳಬೇಕಾದುದೆಲ್ಲವನ್ನೂ ಹೇಳಿಬಿಟ್ಟಿರುವುದು.

ಇಲ್ಲಿ ಮುದ್ರಿಕೆಯ ಕಟ್ಟಡದ ವಿಚಾರ ಒಂದು ಮಾತು. ಈ ದೀರ್ಘ ರಚನೆಯನ್ನು ಒಂದೇ ಬದಿಯಲ್ಲಿಟ್ಟು, ಅವರು ಕಚೇರಿಗಳಲ್ಲಿ ನುಡಿಸುತ್ತಿದ್ದ ಬೇರೆ ಎರಡು ಹಾಡುಗಳನ್ನು ಇನ್ನೊಂದು ಬದಿಗೆ ತುಂಬುವುದು ಸುಲಭವಾಗಿದ್ದಿತು. ಗಿಲ್ಮೋರನ ಅಭಿಪ್ರಾಯವೂ ಹಾಗೆಯೇ ಇದ್ದಿತು. ವಾಟರ್ಸನು ಒಪ್ಪಲಿಲ್ಲ. ರಚನೆಯನ್ನು ಎರಡಾಗಿ ಸೀಳಿ ಒಂದನ್ನು ಆದಿಗೂ ಒಂದನ್ನು ಅಂತ್ಯಕ್ಕೂ ಇರಿಸಿ, ನಡುವೆ ಹೊಸ ಹಾಡುಗಳನ್ನು ಸೇರಿಸಬೇಕೆಂದು ಹಟ ಹಿಡಿದನು. ಒಂದು ಮಂತ್ರದ ಹಿಂದೆಮುಂದೆ ಮತ್ತೊಂದನ್ನಿಟ್ಟು ಜಪಿಸುವುದನ್ನು ನಮ್ಮಲ್ಲಿ ಸಂಪುಟೀಕರಣವೆನ್ನುವರು. ಇದೂ ಅಂತಹ ಸಂಪುಟ. ಗೆಳೆಯನ ನೆನಪು ಎರಡು ಚಿಪ್ಪುಗಳು. ಅವನನ್ನು ಮುರಿದ, ತಮ್ಮನ್ನೂ ಮುರಿಯುತ್ತಿದ್ದ ಲೋಕವು ನಡುವೆ. ಈ ಹಟವು ಸರಿಯೆಂಬುದೇ ನಮ್ಮ ತೀರ್ಮಾನ.

ನಡುವಿನ ಮೂರರಲ್ಲಿ ಮೊದಲಿನ ಎರಡು ಸಂಗೀತದ ವ್ಯಾಪಾರಿಗಳನ್ನು ಕುರಿತವು. ‘ವೆಲ್‌ಕಮ್ ಟು ದಿ ಮೆಷೀನ್’ ಎಂಬುದರಲ್ಲಿ ಯಂತ್ರದ ಎದೆಬಡಿತದಂತಹ ಸದ್ದು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸುವುದು. ಕನಸು ಕಟ್ಟಿಕೊಂಡು ಬಂದ ಹುಡುಗನನ್ನು ಯಂತ್ರವು ಬಾಗಿಲು ತೆರೆದು ಒಳಗೆ ಬರಮಾಡಿಕೊಳ್ಳುವ ರೀತಿ ಭಯಂಕರವಾಗಿದೆ. ‘ಹ್ಯಾವ್ ಎ ಸಿಗಾರ್’ ಎಂಬುದರಲ್ಲಿ ಚುರುಟು ಮುಂದೊಡ್ಡಿ ಹೊಗಳುವ ಧಣಿಯೊಬ್ಬನ ಅಣಕವುಂಟು. ಮೇಳದ ಹೆಸರು ಯಾರೋ ಒಬ್ಬ ಮನುಷ್ಯನದೆಂದೇ ಆತನು ತಿಳಿದಿರುವನು. ಇದನ್ನು ಹಾಡಿದವನು ಮೇಳದವನಲ್ಲ. ಅದೇ ಕಟ್ಟಡದಲ್ಲಿ ತನ್ನ ಮುದ್ರಿಕೆಯನ್ನು ಮಾಡುತ್ತಿದ್ದ ರಾಯ್ ಹಾರ್ಪರ್ ಎಂಬ ಗಾಯಕ. ಅಣಕವು ಚುರುಕಾಗಿಯೇ ಇದೆ. ಆದರೆ ಧಣಿಯ ಹಣದಿಂದ ಬೆಳೆದು ಧಣಿಯನ್ನು ಹಳಿಯುವ ಹಾಡುಗಳಲ್ಲಿ ಸ್ವಲ್ಪ ಹುಳಿ ಹೆಚ್ಚಾಗುವುದು ಸಹಜ; ನಾವು ಮರಳಿ ಮರಳಿ ಕೇಳುವುದು ಇದನ್ನಲ್ಲ.

ಮರಳಿ ಕೇಳುವುದು ಇದರ ಮುಂದಿನದನ್ನು, ಮುದ್ರಿಕೆಗೆ ಹೆಸರು ಕೊಟ್ಟ ಹಾಡನ್ನು. ಯಾರೋ ರೇಡಿಯೋದ ಗುಂಡಿಯನ್ನು ತಿರುಗಿಸುತ್ತಿರುವರು. ಮಾತಿನ ಚೂರು, ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫೊನಿಯ ಒಂದು ತುಣುಕು, ಕರಕರ ಸದ್ದು. ಬಳಿಕ ದೂರದ ನಿಲಯದಿಂದ ಬರುತ್ತಿರುವಂತೆ ಕ್ಷೀಣವಾಗಿ ಒಂದು ಗಿಟಾರು. ಗಿಲ್ಮೋರನು ತನ್ನ ಕಾರಿನ ರೇಡಿಯೋದಿಂದಲೇ ಈ ಸದ್ದುಗಳನ್ನು ಮುದ್ರಿಸಿ ತಂದನು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಮಗ್ಗುಲಲ್ಲಿಯೇ, ಇದೇ ಕೋಣೆಯಲ್ಲಿ, ಇನ್ನೊಂದು ಗಿಟಾರು ಸ್ಪಷ್ಟವಾಗಿ ಎದ್ದು ರೇಡಿಯೋದಲ್ಲಿರುವವನೊಡನೆ ಜೊತೆಗೂಡಿ ನುಡಿಸುವುದು. ದೂರದಲ್ಲಿರುವವನು ಕಾಣನು, ಇವನು ಜೊತೆಗೊಡುತ್ತಿರುವನೆಂಬುದು ಅವನಿಗೆ ತಿಳಿಯದು. ಒಂದು ಪದವೂ ಹುಟ್ಟುವ ಮುನ್ನವೇ ಹಾಡಿನ ಅರ್ಥವು ಹೀಗೆ ವ್ಯಂಜಿತವಾಯಿತು. ಧ್ವನಿಯೆಂದರೇನೆಂದು ಕೇಳಿದ ವಿದ್ಯಾರ್ಥಿಗಳಿಗೆ ನಾವು ಒಮ್ಮೊಮ್ಮೆ ಈ ಉದಾಹರಣೆಯನ್ನೂ ಕೊಟ್ಟದ್ದುಂಟು.

ಈ ಹಾಡಿನಲ್ಲಿ ಇನ್ನೊಂದು ಇಲ್ಲದಿರುವಿಕೆಯೂ ಇದ್ದಿತು. ಅದೇ ದಿನಗಳಲ್ಲಿ ಅದೇ ಕಟ್ಟಡದ ಬೇರೊಂದು ಕೊಠಡಿಯಲ್ಲಿ ಯೆಹೂದಿ ಮೆನೂಹಿನ್ನರೂ ಸ್ಟೆಫಾನ್ ಗ್ರಾಪೆಲ್ಲಿಯವರೂ ಕೂಡಿ ಪಿಟೀಲು ನುಡಿಸುತ್ತಿದ್ದರು. ಮೆನೂಹಿನ್ನರ ಹೆಸರು ನಮಗೆ ದೂರದ್ದಲ್ಲ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರಲ್ಲಿ 1952ರಿಂದ ಯೋಗಾಭ್ಯಾಸ ಮಾಡಿ ಅವರ ಕೀರ್ತಿಯನ್ನು ಪಶ್ಚಿಮಕ್ಕೆ ಒಯ್ದವರು ಅವರೇ. ಗ್ರಾಪೆಲ್ಲಿಯವರು ಫ್ರಾನ್ಸಿನ ಜಾಜ್ ವಿದ್ವಾಂಸರು, ಆಗ 67 ವರ್ಷದವರು. ಹುಡುಗರು ಕೇಳಿಕೊಂಡೊಡನೆ ಬಂದು ಹಾಡಿನ ಕೊನೆಗೆ ಪಿಟೀಲು ನುಡಿಸಿ, 300 ಪೌಂಡು ಸಂಭಾವನೆ ಪಡೆದುಕೊಂಡು ಹೋದರು. ಮುದ್ರಿಕೆ ಹೊರಬಂದಾಗ ಅವರ ನಾದವು ಗಾಳಿಯ ಸದ್ದಿನ ಹಿಂದೆ ಇದೆಯೋ ಇಲ್ಲವೋ ಎಂಬಷ್ಟಾಗಿದ್ದಿತು. ಹಾಗಿರುವಾಗ ಹೆಸರು ಅಚ್ಚುಹಾಕಿದರೆ ಹಿರಿಯರಿಗೆ ಅವಮಾನವಾದೀತೆಂದು ಹೆಸರನ್ನೂ ಬಿಟ್ಟರು. 2011ರಲ್ಲಿ ಪಿಟೀಲು ಪೂರ್ತಿಯಾಗಿ ಕೇಳಿಸುವ ಪಾಠವು ಪ್ರಕಟವಾಯಿತು. ಕೇಳಿ ನೋಡಿದೆವು. ಬಹು ಮಧುರವಾಗಿದೆ, ಆದರೂ ಹಾಡಿನ ಒಂಟಿತನವು ಅದರಿಂದ ಸ್ವಲ್ಪ ಕರಗಿತೆಂದೇ ನಮಗೆ ತೋರಿತು.

ಇನ್ನು ಆ ದಿನದ ಸಂಗತಿ. 1975ರ ಜೂನ್ 5 ಎಂದು ಸಾಮಾನ್ಯವಾಗಿ ಹೇಳುವರು. ಮೇಳದವರು ‘ಶೈನ್ ಆನ್’ ರಚನೆಯ ಕೊನೆಯ ಹದಗೊಳಿಸುವಿಕೆಯಲ್ಲಿ ತೊಡಗಿದ್ದಾಗ ದಪ್ಪನೆಯ ಮನುಷ್ಯನೊಬ್ಬನು ಒಳಗೆ ಬಂದು ಸುಮ್ಮನೆ ನಿಂತನು. ತಲೆಯನ್ನೂ ಹುಬ್ಬುಗಳನ್ನೂ ಬೋಳಿಸಿಕೊಂಡಿದ್ದನು, ಕೈಯಲ್ಲೊಂದು ಚೀಲ. ವಾಟರ್ಸನ ಸ್ನೇಹಿತನಿರಬೇಕೆಂದು ರೈಟನು ಭಾವಿಸಿದನು; ಕಂಪೆನಿಯ ನೌಕರನಿರಬಹುದೆಂದು ಇನ್ನೊಬ್ಬರು. ಬಹಳ ಹೊತ್ತು ಯಾರಿಗೂ ತಿಳಿಯಲಿಲ್ಲ. ಆತನು ಬ್ಯಾರೆಟ್ಟನೆಂದು ಗುರುತು ಹತ್ತಿದಾಗ ಕೆಲವರ ಕಣ್ಣಿನಲ್ಲಿ ನೀರು ಬಂದಿತು. ಏಳು ವರ್ಷಗಳಿಂದ ಯಾರಿಗಾಗಿ ಹಂಬಲಿಸಿ ತಿಂಗಳುಗಟ್ಟಲೆ ಹಾಡು ಕಟ್ಟಿದರೋ ಆತನು ಎದುರಿಗೆ ಬಂದು ನಿಂತಾಗ, ಇವನಾರು ಎಂದು ಕೇಳಬೇಕಾಗಿ ಬಂದಿತು. ಆತನು ಸ್ವಲ್ಪ ಹೊತ್ತು ಇದ್ದು, ಬಂದ ಹಾಗೆಯೇ ಹೊರಟುಹೋದನು.

ಭರತನ ಮತದಲ್ಲಿ ಅಗಲಿಕೆಯ ದುಃಖವು ಎರಡು ಬಗೆ. ಮತ್ತೆ ಕೂಡುವ ಆಸೆ ಉಳಿದಿದ್ದರೆ ಅದು ಸಾಪೇಕ್ಷ, ವಿಪ್ರಲಂಭ. ಆಸೆ ಕಡಿದುಹೋಗಿದ್ದರೆ ನಿರಪೇಕ್ಷ, ಕರುಣ. ಬುದ್ಧಿ ಕಲಕಿದ ಗೆಳೆಯನ ವಿಷಯದಲ್ಲಿ ಯಾವುದೆಂದು ಹೇಳುವುದು? ಸತ್ತಿಲ್ಲ, ಆದುದರಿಂದ ಅಳುವಂತಿಲ್ಲ. ಬರುವುದೂ ಇಲ್ಲ, ಆದುದರಿಂದ ಕಾಯುವಂತಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡ ಮನೆಗಳು ನಮ್ಮ ಬೀದಿಗಳಲ್ಲಿಯೂ ಉಂಟು. ತಾಯಂದಿರು ಅನ್ನ ಬಡಿಸುವರು, ಮಗನು ಉಣ್ಣುವನು, ಮಗನು ಅಲ್ಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಹಾಜರಿ ಕೂಗಿದ ನಮಗೆ, ಹೆಸರು ಕೂಗಿದ ಮೇಲಿನ ಮೌನವು ಎಷ್ಟು ಬಗೆಯದೆಂಬುದು ಚೆನ್ನಾಗಿ ಗೊತ್ತು. ಆ ನಾಲ್ಕು ಸ್ವರಗಳ ನಂತರದ ಮೌನವು ಅಂತಹದು.

ಗೆಳೆಯನ ದುರ್ದೆಸೆಯನ್ನು ಹಾಡಾಗಿ ಮಾರಿ ಹಣ ಮಾಡಿಕೊಳ್ಳುವುದು ಧರ್ಮವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಮುದ್ರಿಕೆಯು ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಮೊದಲನೆಯ ಸ್ಥಾನಕ್ಕೆ ಏರಿತು. ಆದರೆ 1970ರಲ್ಲಿ ಪ್ರಕಟವಾದ ಎರಡು ಮುದ್ರಿಕೆಗಳನ್ನು ಬ್ಯಾರೆಟ್ಟನು ಒಂಟಿಯಾಗಿ ಮಾಡಹೊರಟಾಗ, ತಾಳತಪ್ಪಿದ ಅವನ ಹಾಡಿಕೆಗೆ ತಾಳ್ಮೆಯಿಂದ ಜೊತೆ ನಿಂತವರಲ್ಲಿ ಗಿಲ್ಮೋರ, ವಾಟರ್ಸ, ರೈಟ ಮೂವರೂ ಸೇರಿದ್ದರು. ಅವನಿಗೆ ಸಲ್ಲಬೇಕಾದ ಗೌರವಧನವು ಮುಟ್ಟುವಂತೆ ಗಿಲ್ಮೋರನು ಕಡೆಯವರೆಗೂ ನೋಡಿಕೊಂಡನು. ಹಾಡಿನಲ್ಲಿಯೂ ತಾವು ಒಳ್ಳೆಯವರೆಂಬ ಸಮರ್ಥನೆ ಎಲ್ಲಿಯೂ ಇಲ್ಲ. ತಿರುಗದೆ ಹೋದ ಬಂಡಿಯೊಳಗೆ ಕುಳಿತಿದ್ದವರೇ ಹಾಡುತ್ತಿರುವರೆಂಬುದನ್ನು ಮರೆತು ಅದನ್ನು ಕೇಳಲಾಗದು.

ಬ್ಯಾರೆಟ್ಟನು ಕೇಂಬ್ರಿಜ್ಜಿಗೆ ಹಿಂತಿರುಗಿ, ಚಿತ್ರ ಬರೆದುಕೊಂಡು, ತೋಟದ ಕೆಲಸ ಮಾಡಿಕೊಂಡು, ಹುಟ್ಟುಹೆಸರಾದ ರಾಜರ್ ಎಂಬುದನ್ನೇ ಇಟ್ಟುಕೊಂಡು ಅಜ್ಞಾತನಾಗಿ ಬಾಳಿದನು. 2006ರ ಜುಲೈ 7ರಂದು ತೀರಿಕೊಂಡನು. ಆಗ ಅವನಿಗೆ 60 ವಯಸ್ಸು. (ನಮ್ಮ ವಯಸ್ಸೂ ಈಗ ಹೆಚ್ಚುಕಡಿಮೆ ಅಷ್ಟೇ.) ಮೇಳದ ಉಳಿದವರೂ ಒಟ್ಟಾಗಿ ಉಳಿಯಲಿಲ್ಲ. ವಾಟರ್ಸನು 1985ರಲ್ಲಿ ಹೊರಬಂದನು; ಹೆಸರಿನ ಹಕ್ಕಿಗಾಗಿ ನ್ಯಾಯಾಲಯದವರೆಗೆ ಹೋದರು. ಗೆಳೆಯನಿಗೆಂದು ಬರೆದ ಹಾಡು ಹೀಗೆ ಬರೆದವರಿಗೇ ತಗುಲಿತು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ, ಲೈವ್ 8 ಎಂಬ ಧರ್ಮಾರ್ಥ ಕಚೇರಿಗಾಗಿ, ನಾಲ್ವರೂ 24 ವರ್ಷಗಳ ಮೇಲೆ ಒಂದೇ ರಂಗವನ್ನೇರಿದರು. ಈ ಹಾಡನ್ನು ತೊಡಗುವ ಮುನ್ನ ವಾಟರ್ಸನು ಅಲ್ಲಿ ಇಲ್ಲದಿರುವವರನ್ನು, ವಿಶೇಷವಾಗಿ ಸಿಡ್‌ನನ್ನು, ನೆನೆದನು. ಬಳಿಕ ಅವನೂ ಗಿಲ್ಮೋರನೂ ಸರದಿಯಲ್ಲಿ ಹಾಡಿದರು. 2008ರ ಸೆಪ್ಟೆಂಬರಿನಲ್ಲಿ ರೈಟನು ತೀರಿಕೊಂಡನು. ನಾಲ್ವರೂ ಕೂಡುವ ಪ್ರಸಂಗ ಮತ್ತೆ ಬರಲಿಲ್ಲ. ಮೇಳದ ಮುದ್ರಿಕೆಗಳಲ್ಲೆಲ್ಲ ತನಗೆ ಅಚ್ಚುಮೆಚ್ಚಿನದು ಇದೆಂದು ರೈಟನು ಹೇಳುತ್ತಿದ್ದನು. ಗಿಲ್ಮೋರನ ಮಾತೂ ಅದೇ.

ಹೊದಿಕೆಯ ಚಿತ್ರವನ್ನು ಕುರಿತು ಎರಡು ಮಾತು. ಇಬ್ಬರು ಗೃಹಸ್ಥರು ಕೈಕುಲುಕುತ್ತಿರುವರು. ಒಬ್ಬನ ಮೈಗೆ ಬೆಂಕಿ ಹತ್ತಿಕೊಂಡಿದೆ. ಕ್ಯಾಲಿಫೋರ್ನಿಯದ ಚಲಚ್ಚಿತ್ರ ನಿರ್ಮಾಣಶಾಲೆಯೊಂದರ ಅಂಗಳದಲ್ಲಿ ಸಾಹಸಿಯೊಬ್ಬನು ನಿಜವಾಗಿಯೇ ಬೆಂಕಿ ಹಚ್ಚಿಸಿಕೊಂಡು ನಿಂತನು. ಗಾಳಿ ತಿರುಗಿ ಅವನ ಮೀಸೆ ಸುಟ್ಟಿತು. ಇಷ್ಟು ಕಷ್ಟದಿಂದ ತೆಗೆದ ಚಿತ್ರವನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮುಚ್ಚಿ ಮಾರಿದರು! ಒಳಗೆ ಒಂದು ಅಂಚೆಕಾರ್ಡನ್ನೂ ಇರಿಸಿದ್ದರು.

ಮಕ್ಕಳ ಫೋನಿನಲ್ಲಿ ಇದು ಸುಲಭವಾಗಿ ದೊರೆಯುವುದು. ಆದರೆ ಒಂದು ಹಾಡು ಇಲ್ಲಿ, ಒಂದು ಹಾಡು ಅಲ್ಲಿ ಎಂದು ಹಾರಿಸಿ ಕೇಳಿದರೆ ಸಂಪುಟವು ಒಡೆದುಹೋಗುವುದು. ರಾತ್ರಿ ಊಟವಾದ ಮೇಲೆ 44 ನಿಮಿಷ ಬಿಡುವು ಮಾಡಿಕೊಂಡು, ಮೊದಲಿನಿಂದ ಕೊನೆಯವರೆಗೆ, ಸಾಧ್ಯವಾದರೆ ಮನೆಯ ಹುಡುಗರೊಡನೆ ಕುಳಿತು ಕೇಳಬೇಕು. ತೀರ ಕೊನೆಯ ಭಾಗವು ರೈಟನೊಬ್ಬನ ರಚನೆ; ಹಾಡಿಲ್ಲ, ಬರಿಯ ವಾದ್ಯ, ಶವಯಾತ್ರೆಯ ನಡೆ. ಎಲ್ಲವೂ ಕ್ಷೀಣಿಸಿ ಅಡಗುತ್ತಿರುವಾಗ ಅವನ ಬೆರಳುಗಳು ಒಂದು ಹಳೆಯ ವರಸೆಯನ್ನು ಒಂದೇ ಸಲ, ಬಹು ಮೆಲ್ಲಗೆ, ಮುಟ್ಟಿ ಬಿಡುವುವು. ಅದು ‘ಸೀ ಎಮಿಲಿ ಪ್ಲೇ’ ಎಂಬ ಹಾಡಿನದು. 1967ರಲ್ಲಿ, ಎಲ್ಲರೂ ಒಟ್ಟಾಗಿದ್ದಾಗ, ಬ್ಯಾರೆಟ್ಟನು ಅದನ್ನು ಕಟ್ಟಿದ್ದನು.